ರುಬ್ಬದ ಮೆಂತ್ಯ

ನನಗೆ ಸಿಟ್ಟು ಬಂದರೆ ಬೇಗ ಇಳಿಯುವುದಿಲ್ಲ. ಇದು ಗಂಡನಿಗೆ ಗೊತ್ತು, ಅತ್ತೆಗೆ ಇನ್ನೂ ಚೆನ್ನಾಗಿ ಗೊತ್ತು. ನಾವೀಗಿರುವ ಪರದೇಶದ ಊರು ಸ್ವೋರ್ಡ್ಸ್‌ನಲ್ಲಿ ನಮ್ಮ ಪಕ್ಕದ ಮನೆಯಾಕೆಗೆ ಮಾತ್ರ ಗೊತ್ತಿರಲಿಲ್ಲ.

ಆಕೆ ರಿಟೈರ್ ಆದ ಡ್ರಾಯಿಂಗ್ ಟೀಚರ್. ಯಾರಿಗೂ ಬೇಡವಾದ ಪುಸ್ತಕಗಳನ್ನು ತಂದು, ಹಾಳೆ ಮಡಚಿ, ಕತ್ತರಿಸಿ, ಶಿಲ್ಪ ಮಾಡುತ್ತಿದ್ದಳು. ಒಮ್ಮೆ ಇಡೀ ಟೆಲಿಫೋನ್ ಡೈರೆಕ್ಟರಿಯನ್ನು ಮಡಚಿ ಮುಳ್ಳುಹಂದಿ ಮಾಡಿದ್ದಳು, ಅದು ನಿಜಕ್ಕೂ ಚೆನ್ನಾಗಿತ್ತು. ಆಗೆಲ್ಲ ನಾನು ಅವರು, ಇವರು ಎಂದು ಮರ್ಯಾದೆಯಿಂದಲೇ ಹೇಳುತ್ತಿದ್ದೆ. ಈಗ ಅವಳು ಎಂದರೆ ಸಾಕು.

ನಮ್ಮ ಎರಡು ಹಿತ್ತಲುಗಳ ನಡುವೆ ಸೊಂಟದೆತ್ತರದ ಗೋಡೆಯಿದೆ. ಮೊದಲನೇ ಲಾಕ್‌ಡೌನ್ ಬಂದು, ಮನೆಯಿಂದ ಎರಡು ಕಿಲೋಮೀಟರ್ ಆಚೆ ಹೋಗುವಂತಿಲ್ಲ ಎಂದಾಗ ನಾನು ಕೆಲಸಕ್ಕಿದ್ದ ಏರ್‌ಪೋರ್ಟಿನ ಅಂಗಡಿ ಮುಚ್ಚಿತು. ಗಂಡ ಸಿಟಿವೆಸ್ಟ್‌ನ ಆಫೀಸನ್ನು ಮಲಗುವ ಕೋಣೆಗೆ ತಂದುಕೊಂಡು ಬೆಳಗಿನಿಂದ ಸಂಜೆಯವರೆಗೆ ಲ್ಯಾಪ್‌ಟಾಪಿನೊಂದಿಗೆ ಮಾತಾಡುತ್ತಿದ್ದ. ನನಗೆ ಮಾತಿಗೆ ಸಿಕ್ಕವಳು ಗೋಡೆಯಾಚೆಯ ಅವಳೊಬ್ಬಳೇ.

ಒಂದು ದಿನ ಕೋಡುಬಳೆ ಕರಿದು, ದೊಡ್ಡಮ್ಮನ ಕಾಗದದ ಬುಟ್ಟಿಯಲ್ಲಿ ಹಾಕಿ ಅವಳಿಗೆ ಕೊಟ್ಟೆ. ಮೈಸೂರಿನಲ್ಲಿ ದೊಡ್ಡಮ್ಮ ಹಳೇ ಪೇಪರನ್ನು ದಿನಗಟ್ಟಲೆ ನೆನೆಸಿ, ಮೆಂತ್ಯದ ಜೊತೆ ಒರಳಲ್ಲಿ ನುಣ್ಣಗೆ ರುಬ್ಬಿ, ಬೋರಲು ಹಾಕಿದ ಪಾತ್ರೆಯ ಮೇಲೆ ತೆಳ್ಳಗೆ ಹಚ್ಚಿ ಬುಟ್ಟಿ ಮಾಡುತ್ತಿದ್ದಳು. ಒಂದು ಪದರ ಪೂರ್ತಿ ಒಣಗಿದ ಮೇಲೇ ಇನ್ನೊಂದು. ಕೊನೆಗೆ ತಳಕ್ಕೆ ಕನ್ನಡ ಪೇಪರಿನ ಒಂದು ಚೂರು ಅಂಟಿಸುತ್ತಿದ್ದಳು. ಮೆಂತ್ಯದ ಕಹಿಗೆ ಹುಳು ಹತ್ತಿರ ಬರುವುದಿಲ್ಲ. ಚಿಕ್ಕವಳಿದ್ದಾಗ ನಾನು ಅವಸರಕ್ಕೆ ಒಂದೇ ಸಲ ದಪ್ಪಗೆ ಮೆತ್ತಿ, ಅದು ಒಳಗೆಲ್ಲ ಬೂಸ್ಟು ಹಿಡಿದು, ಕೈ ಮೇಲೆ ಏಟು ತಿಂದಿದ್ದೆ. ದೊಡ್ಡಮ್ಮ ಹೋದ ಮೇಲೆ ಅವಳ ಕೈಕೆಲಸವೆಂದು ನನ್ನ ಹತ್ತಿರ ಉಳಿದದ್ದು ಈ ಬುಟ್ಟಿಯೊಂದೇ.

ದೊಡ್ಡಮ್ಮನಿಗೆ ಇನ್ನೊಂದು ಕಟ್ಟುನಿಟ್ಟಿತ್ತು. ಯಾರ ಮನೆಯಿಂದಾದರೂ ತಿಂಡಿ ಬಂದರೆ ಆ ಪಾತ್ರೆಯನ್ನು ಖಾಲಿ ಹಿಂತಿರುಗಿಸುವ ಹಾಗಿಲ್ಲ. ಮನೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಹಾಕಿ ಕೊಡಬೇಕು. ಖಾಲಿ ಕೊಟ್ಟರೆ ನಿಮ್ಮ ಸಹವಾಸ ಸಾಕು ಎಂದ ಹಾಗೆ.

ಪಕ್ಕದವಳು ಕೋಡುಬಳೆ ತಿಂದು, ಬುಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಇದು ಕಾಗದವೇ ಎಂದು ಮೂರು ಸಲ ಕೇಳಿದಳು. ಸ್ವಲ್ಪ ದಿನ ಇಟ್ಟುಕೊಂಡು ನೋಡಲೇ ಎಂದಾಗ ನಾನು, ಅಯ್ಯೋ ಇಟ್ಟುಕೊಳ್ಳಿ, ಪರವಾಗಿಲ್ಲ ಎಂದೆ. ನಮ್ಮಲ್ಲಿ ಹಾಗೆಂದರೆ ನಿಧಾನವಾಗಿ ಕೊಡಿ ಎಂದರ್ಥ, ಕೊಡುವಾಗ ಏನಾದರೂ ಹಾಕಿ ಕೊಡಿ ಎಂದೂ ಅರ್ಥ. ಅದನ್ನೆಲ್ಲ ಬಿಡಿಸಿ ಹೇಳಬೇಕೆಂದು ನನಗೆ ಹೊಳೆಯಲಿಲ್ಲ.

ಆ ಬೇಸಿಗೆಯಿಡೀ ಗೋಡೆಯ ಈಚೆ ನಿಂತು ಅವಳಿಗೆ ಕಲಿಸಿದೆ. ಬೆಂಗಳೂರಿನಿಂದ ಹೊತ್ತು ತಂದ ನನ್ನ ಗ್ರೈಂಡರಿನಲ್ಲಿ ಅವಳ ಕಾಗದ ರುಬ್ಬಿಕೊಟ್ಟೆ. ಎಷ್ಟು ತೊಳೆದರೂ ವಾಸನೆ ಹೋಗದೆ, ಇಡ್ಲಿ ಹಿಟ್ಟಿಗೂ ಅಂಟಿಕೊಂಡಿತು. ಇವತ್ತಿನ ಇಡ್ಲಿಯಲ್ಲಿ ಹೆಡ್‌ಲೈನ್ಸ್ ಓದಬಹುದು ಎಂದು ಗಂಡ ರೇಗಿಸಿದ. ನನಗೇನೂ ಬೇಜಾರಾಗಲಿಲ್ಲ. ದೊಡ್ಡಮ್ಮನ ವಿದ್ಯೆ ಈ ಊರಲ್ಲಿ ಒಬ್ಬರಿಗಾದರೂ ಬೇಕಾಯಿತಲ್ಲ ಎಂದು ಬೀಗುತ್ತಿದ್ದೆ.

ಚಳಿ ಶುರುವಾಗುವ ಹೊತ್ತಿಗೆ ಮುಖ್ಯರಸ್ತೆಯಲ್ಲಿ ಬಾಗಿಲು ಹಾಕಿದ ಅಂಗಡಿಗಳ ಕಿಟಕಿಯಲ್ಲಿ ಕಲಾವಿದರ ಕೆಲಸ ಇಡುವುದೆಂದು ಯಾರೋ ಏರ್ಪಾಡು ಮಾಡಿದರು. ಇವಳೂ ಆಯ್ಕೆಯಾದಳು, ರೇಡಿಯೋದವರು ಮಾತಾಡಿಸಿದರು. ನಾನು ಹುರುಳಿಕಾಯಿ ಹೆಚ್ಚುತ್ತಾ ಕೇಳುತ್ತಿದ್ದೆ. ಕಾಗದವನ್ನು ಮೆಂತ್ಯದಲ್ಲಿ ಕಲಸುವ ಈ ವಿಧಾನ ಎಲ್ಲಿ ಸಿಕ್ಕಿತು ಎಂದು ಅವರು ಕೇಳಿದಾಗ ಚಾಕು ಕೆಳಗಿಟ್ಟು ಕಿವಿಗೊಟ್ಟೆ.

"ನನ್ನ ಅಡುಗೆಮನೆಯಲ್ಲೇ ತುಂಬಾ ದಿನ ಪ್ರಯೋಗ ಮಾಡಿ ಕಂಡುಕೊಂಡೆ," ಎಂದಳು.

ಇನ್ನೇನು ನನ್ನ ವಿಷಯ ಬರುತ್ತದೆ ಎಂದು ಕಾದೆ. ಅವರು ಹವಾಮಾನದ ಮಾತಿಗೆ ಹೋದರು. ನನ್ನ ಹೆಸರು ಬೇಡ, ಪಕ್ಕದ ಮನೆಯವಳೊಬ್ಬಳು ತೋರಿಸಿಕೊಟ್ಟಳು ಎಂದಿದ್ದರೂ ಸಾಕಿತ್ತು. ಮೈಯೆಲ್ಲ ಉರಿದುಹೋಯಿತು. ಗಂಡ ಊಟಕ್ಕೆ ಬಂದವನು ನನ್ನ ಮುಖ ನೋಡಿ ವಿಷಯ ಕೇಳಿ, "ಹೋಗ್ಲಿ ಬಿಡೇ, ಒಂದು ಬುಟ್ಟಿಗೆ ಇಷ್ಟೊಂದಾ?" ಎಂದ. ಅವನಿಗೆ ಅವತ್ತು ಪಲ್ಯ ಬಡಿಸಲಿಲ್ಲ.

ವಾರ ಕಳೆದು ಅವಳೇ ಗೋಡೆ ಹತ್ತಿರ ಬಂದಳು. ಹಿಂದಿನ ಕಾಲದಲ್ಲಿ ಈ ದೇಶದ ಸನ್ಯಾಸಿಗಳು ಒಬ್ಬೊಬ್ಬರೇ ಇರುತ್ತಿದ್ದ, ಜೇನುಗೂಡಿನಾಕಾರದ ಕಲ್ಲು ಗುಡಿಸಲುಗಳಿವೆಯಂತೆ. ಅಂಥದೊಂದನ್ನು ಎದೆಯೆತ್ತರಕ್ಕೆ, ತಂತಿಬಲೆಯ ಮೇಲೆ ಕಾಗದ ಮೆತ್ತಿ ಕಟ್ಟುತ್ತಿದ್ದಳು. ಎಲ್ಲರೂ ಒಂಟಿಯಾಗಿ ಕೂತ ಕಾಲಕ್ಕೆ ಅದು ಒಪ್ಪುತ್ತದೆ ಎಂದಳು. ಆದರೆ ಹತ್ತು ದಿನದಲ್ಲಿ ಮುಗಿಯಬೇಕು, ಮಿಕ್ಸಿ ಬೇರೆ ಸುಟ್ಟುಹೋಗಿದೆ.

"ಮೆಂತ್ಯ ರುಬ್ಬದೆ, ನೆನೆಸಿ ಹಾಗೇ ಹಾಕಿದರೆ ಆಗುತ್ತದಾ? ಪದರ ಪದರವಾಗಿ ಬೇಡ, ಒಂದೇ ಸಲ ದಪ್ಪಗೆ ಮೆತ್ತಿಬಿಡಲಾ?"

ನನ್ನ ಗ್ರೈಂಡರ್ ನನ್ನ ಬೆನ್ನ ಹಿಂದೆ, ಅಡುಗೆಮನೆ ಕಟ್ಟೆಯ ಮೇಲೇ ಇತ್ತು. ನಾನು ಅದರ ಕಡೆ ತಿರುಗಲಿಲ್ಲ.

"ಗ್ರ್ಯಾಂಡ್," ಎಂದೆ. "ಎಲ್ಲಾ ಗ್ರ್ಯಾಂಡ್ ಆಗುತ್ತೆ."

ಚೆನ್ನಾಗಿದೆ, ಪರವಾಗಿಲ್ಲ ಎನ್ನಲು ಇಲ್ಲಿಯವರು ದಿನಕ್ಕೆ ನೂರು ಸಲ ಆಡುವ ಆ ಮಾತನ್ನು ಅಷ್ಟು ಖುಷಿಯಿಂದ ನಾನು ಹಿಂದೆಂದೂ ಆಡಿರಲಿಲ್ಲ. ಅಷ್ಟಕ್ಕೇ ಬಿಡದೆ ಇಂಡಿಯನ್ ಅಂಗಡಿಯಿಂದ ತಂದಿದ್ದ ಹೊಸ ಮೆಂತ್ಯದ ಪೊಟ್ಟಣವನ್ನೂ ಅವಳ ಕೈಗೆ ಕೊಟ್ಟೆ. ಹೊಸ ಮೆಂತ್ಯ ಚೆನ್ನಾಗಿ ಮೊಳೆಯುತ್ತದೆ.

ಮೊಳೆಯಿತು. ಗುಡಿಸಲು ಕಿಟಕಿಗೆ ಬಂದ ನಾಲ್ಕನೇ ದಿನಕ್ಕೆ ಅದರ ಮೈತುಂಬ ಬಿಳಿ ಬಾಲಗಳು, ವಾರಕ್ಕೆ ಹಸಿರು ಎಲೆಗಳು. ನಾನು ವಾಕಿಂಗ್ ನೆಪದಲ್ಲಿ ದಿನಾ ಹೋಗುತ್ತಿದ್ದೆ. ಮೊದಮೊದಲು ಜನ ನಿಂತು ಫೋಟೋ ತೆಗೆದರು, ಅದನ್ನು ಕಂಡು ಹೊಟ್ಟೆ ಉರಿಯಿತು. ಆಮೇಲೆ ಸೊಪ್ಪು ಹಳದಿಯಾಗಿ ಬಾಡಿತು, ಕರೀ ಬೂಸ್ಟು ಕೆಳಗಿನಿಂದ ಮೇಲಕ್ಕೆ ಹತ್ತಿತು, ಗಾಜಿನ ಈಚೆಗೂ ವಾಸನೆ ಬಂತು. ಮೂಗು ಮುಚ್ಚಿಕೊಂಡು ಹೋಗುವವರನ್ನು ನೋಡುತ್ತಾ ಮಾಸ್ಕಿನ ಹಿಂದೆ ನಗುತ್ತಾ ನಿಲ್ಲುತ್ತಿದ್ದೆ. ಮಾಸ್ಕಿನಿಂದ ಇಂಥ ಉಪಕಾರವೂ ಇದೆ.

ಹದಿನೈದನೇ ದಿನ ಗುಡಿಸಲಿನ ಒಂದು ಪಕ್ಕ ಕುಸಿದಿತ್ತು. ತುದಿಯಲ್ಲಿ ಮೆತ್ತಿದ್ದ ಕಾಗದ ಕಳಚಿ, ಒಳಗಿನಿಂದ ಬೇರೇನೋ ಕಾಣುತ್ತಿತ್ತು. ಗಾಜಿಗೆ ಮುಖ ಒತ್ತಿ ನೋಡಿದೆ. ಬೋರಲು ಹಾಕಿದ ಬುಟ್ಟಿ, ಅದರ ತಳದಲ್ಲಿ ಹಳೇ ಪೇಪರಿನ ಒಂದೆರಡು ಕನ್ನಡ ಅಕ್ಷರ. ಗುಡಿಸಲಿಗೆ ಸೂರು ಬೇಕೆಂದು ಅವಳು ದೊಡ್ಡಮ್ಮನ ಬುಟ್ಟಿಯನ್ನೇ ಮೇಲೆ ಕೂರಿಸಿ, ಅದರ ಮೇಲೂ ಹಸೀ ಕಾಗದ ಮೆತ್ತಿದ್ದಳು. ಕೊಳೆಯಲಿ ಎಂದು ನಾನೇ ಹಾರೈಸಿದ್ದು ಅದರ ಮೇಲೆ ಕೂತಿತ್ತು.

ಅವಳು ಆ ರಾಶಿಯನ್ನು ವಾಪಸ್ ತಂದು ತನ್ನ ಶೆಡ್ಡಿನ ಪಕ್ಕ ಎಸೆದಳು. ಗಿಡಕ್ಕೆ ಗೊಬ್ಬರ ಮಾಡುತ್ತೇನೆ ಎಂದು ಕೇಳಿದೆ, ಸಂತೋಷದಿಂದ ಕೊಟ್ಟಳು. ಗಂಡ ಮೂಗಿಗೆ ಟವೆಲ್ ಕಟ್ಟಿಕೊಂಡು ಹೊತ್ತು ತಂದ. ಬಿಡಿಸಿ ನೋಡಿದರೆ ಬುಟ್ಟಿಯ ಅಂಚೆಲ್ಲ ಕರಗಿಹೋಗಿತ್ತು. ತಳ ಮಾತ್ರ ಗಟ್ಟಿಯಾಗಿತ್ತು, ರುಬ್ಬಿದ ಮೆಂತ್ಯದ ತಳ. ಅದನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಲೇ ಅವಳನ್ನು ಬೈದೆ.

ಆಮೇಲೆ ಗುಡಿಸಲಿನ ಬೂಸ್ಟು ಹಿಡಿಯದ ಭಾಗವನ್ನು ಆರಿಸಿ, ಕುದಿಸಿ, ಮೆಂತ್ಯ ಹಾಕಿ ಬೆಣ್ಣೆಯಂತೆ ರುಬ್ಬಿದೆ. ಅವಳ ಶಿಲ್ಪವನ್ನು ಅರೆದು ನನ್ನ ಬುಟ್ಟಿಗೆ ಅಂಚು ಕಟ್ಟುವುದು ಎಷ್ಟು ಹಿತವಾಗಿತ್ತು ಎಂದರೆ, ಬೇಗ ಮುಗಿಯಬಾರದೆಂದು ವಾರಕ್ಕೊಂದೇ ಪದರ ಹಚ್ಚಿದೆ. ಬಿಸಿನೀರಿನ ಟ್ಯಾಂಕಿರುವ ಕಪಾಟಿನಲ್ಲಿಟ್ಟು ಒಣಗಿಸಿದೆ. ವಸಂತಕ್ಕೆ ಬುಟ್ಟಿ ಪೂರ್ತಿಯಾಯಿತು. ಅವಳ ಅಡುಗೆಮನೆಗೆ ಎದುರಾಗುವ ಕಿಟಕಿಯಲ್ಲೇ ಇಟ್ಟೆ.

ಎರಡು ದಿನದಲ್ಲಿ ಗೋಡೆ ಹತ್ತಿರ ಬಂದಳು. ಎಷ್ಟು ಚೆನ್ನಾಗಿದೆ, ಹೇಗೆ ಮಾಡಿದೆ ಎಂದು ಕೇಳಿದಳು. ಈ ಪ್ರಶ್ನೆಗಾಗಿ ನಾನು ಚಳಿಗಾಲವಿಡೀ ಕಾದಿದ್ದೆ.

"ನನ್ನ ಅಡುಗೆಮನೆಯಲ್ಲೇ ತುಂಬಾ ದಿನ ಪ್ರಯೋಗ ಮಾಡಿ ಕಂಡುಕೊಂಡೆ," ಎಂದೆ.

ಭೇಷ್ ಎಂದು ತಲೆದೂಗಿದಳು. ಅವಳಿಗೆ ತನ್ನ ಮಾತು ನೆನಪೇ ಇರಲಿಲ್ಲ. ಅಷ್ಟು ತಿಂಗಳು ಮಸೆದ ಚಾಕು ಗಾಳಿಯಲ್ಲಿ ಹೋಯಿತು. ತಡೆಯಲಾಗದೆ ನೇರವಾಗಿ ಹೇಳಿಬಿಟ್ಟೆ.

"ಇದು ನನ್ನ ದೊಡ್ಡಮ್ಮನ ಬುಟ್ಟಿ. ನಿಮ್ಮ ಗುಡಿಸಲಿನ ತುದಿಗೆ ಕೂರಿಸಿದ್ದಿರಲ್ಲ, ಅದೇ ಇದು. ರುಬ್ಬದ ಮೆಂತ್ಯ ಮೊಳೆಯುತ್ತದೆ ಅಂತ ನನಗೆ ಅವತ್ತೇ ಗೊತ್ತಿತ್ತು."

ಅವಳ ಕುತ್ತಿಗೆ ಕೆಂಪಾಯಿತು, ಆಮೇಲೆ ಮುಖ. ಅದನ್ನು ನೋಡಿ ನನಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಅವಳು ಮೆಲ್ಲಗೆ, "ಇಟ್ಟುಕೋ ಅಂತ ನೀನೇ ಹೇಳಿದ್ದೆಯಲ್ಲ," ಎಂದಳು. ಹೇಳಿದ್ದೆ. ಹೇಳಿದ್ದೆನೆಂದೇ ಸಿಟ್ಟು ಇನ್ನಷ್ಟು ಏರಿತು.

ಮಾರನೇ ದಿನ ಗೋಡೆಯ ಮೇಲೆ, ನೀಲಿ ಅಂಚಿನ ತಟ್ಟೆಯಲ್ಲಿ ಒಂದು ಆ್ಯಪಲ್ ಟಾರ್ಟ್ ಇತ್ತು. ಜೊತೆಗೆ, ತಪ್ಪಾಯಿತು ಎಂದು ಬರೆದ ಚೀಟಿ. ಟಾರ್ಟ್ ರುಚಿಯಾಗಿತ್ತು, ಗಂಡ ಎರಡು ಸಲ ಹಾಕಿಸಿಕೊಂಡ.

"ತಟ್ಟೇಲಿ ಏನ್ ಹಾಕಿ ಕೊಡ್ತೀಯಾ?" ಎಂದು ಕೇಳಿದ. "ಕೋಡುಬಳೆ ಮಾಡಿದ್ಯಲ್ಲ."

ಮಾಡಿದ್ದೆ, ದೊಡ್ಡಮ್ಮನ ಬುಟ್ಟಿಯ ತುಂಬ ಇತ್ತು. ನಾನು ತಟ್ಟೆ ತೊಳೆದೆ. ಒಂದು ಹನಿ ನೀರೂ ಉಳಿಯದ ಹಾಗೆ ಬಟ್ಟೆಯಲ್ಲಿ ಒರೆಸಿದೆ. ದೊಡ್ಡಮ್ಮ ಇದ್ದಿದ್ದರೆ ಕೈ ಮೇಲೆ ಇನ್ನೊಂದು ಏಟು ಬೀಳುತ್ತಿತ್ತು. ಗೋಡೆಯ ಹತ್ತಿರ ಹೋಗಿ ಕರೆದು, ತಟ್ಟೆಯನ್ನು ಅವಳ ಎರಡೂ ಕೈಗೆ ಕೊಟ್ಟೆ. ಎಲ್ಲ ಸರಿಹೋಯಿತೆಂದುಕೊಂಡು ಅವಳು ಥ್ಯಾಂಕ್ಸ್ ಹೇಳಿ, ನಗುತ್ತಾ, ಆ ಖಾಲಿ ತಟ್ಟೆ ಹಿಡಿದು ಒಳಗೆ ಹೋದಳು.