ಗುಗ್ಗುಳದ ಬುಡಕ್ಕೆ ನೀರು

ಮರುಭೂಮಿಯ ಅಪರೂಪದ ಗಿಡಗಳನ್ನು ಈ ಕಬ್ಬಿನ ಸೀಮೆಯಲ್ಲಿ ಬೆಳೆಸಿ ತೋರಿಸಿದ ಸಸ್ಯಶಾಸ್ತ್ರದ ಅಧ್ಯಾಪಕರೆಂದರೆ ನಮ್ಮ ರಾಯಬಾಗ ಭಾಗದಲ್ಲಿ ಪೂಜ್ಯ ತುಕಾರಾಮ ಕಾಂಬಳೆ ಸರ್ ಒಬ್ಬರೇ. ಪಾಲಬಾವಿಯಲ್ಲಿ ಪರರ ಕಬ್ಬಿಗೆ ನೀರು ಹಾಯಿಸುತ್ತಿದ್ದವರ ಮಗನಾಗಿ ಹುಟ್ಟಿ, ಮೂವತ್ತೊಂದು ವರ್ಷ ಪಾಠ ಹೇಳಿ, ಈ ತಿಂಗಳು ನಿವೃತ್ತರಾಗುತ್ತಿರುವ ಅವರನ್ನು ಹೊಗಳಲೆಂದೇ ಲೇಖನಿ ಹಿಡಿದೆ. ಆದರೆ ಸಿಟ್ಟು ಇಳಿಯದು, ಮುಚ್ಚಿಡಲೂ ಒಲ್ಲೆ.

ಸೇವೆಗೆ ಸೇರಿದ ನಾಲ್ಕನೆಯ ವರ್ಷ ಸರ್ ಕಚ್ಛದಿಂದ ಗುಗ್ಗುಳದ ಕಡ್ಡಿಯೊಂದನ್ನು ತಂದು ಕಾಲೇಜಿನ ಹಿಂದಿನ ಕಲ್ಲುಮಡ್ಡಿಯ ಬರಡು ನೆಲದಲ್ಲಿ ನೆಟ್ಟರು. ಧೂಪದ ಅಂಟು ಕೊಡುವ ಗಿಡವದು. ವರ್ಷದ ಬಹುಪಾಲು ಎಲೆಯಿಲ್ಲದೆ ಸತ್ತಂತೆ ನಿಲ್ಲುತ್ತದೆ. ಆಗ ಹಾಸ್ಟೆಲಿನಲ್ಲಿ ಓದುತ್ತಿದ್ದ ನಾನು, ಅಕ್ಕೋಳದ ಕಬ್ಬಿನ ಮನೆಯವ, ಅಯ್ಯೋ ಪಾಪವೆಂದು ದಿನಕ್ಕೊಂದು ಕೊಡ ಸುರಿದೆ. ಬೇರು ಕೊಳೆಯಿತು. ಸರ್ ಬೈಯಲಿಲ್ಲ. ಉಳಿದ ಒಂದೇ ಗಟ್ಟಿ ಟೊಂಗೆಯನ್ನು ಕತ್ತರಿಸಿ, ನೆರಳಿನಲ್ಲಿ ಗಾಯ ಒಣಗಿಸಿ, ಮರಳಿನಲ್ಲಿ ಊರಿ, “ಭೀಮಗೊಂಡ, ನೀರ ಹಾಯಸೂದು ನಮ್ಮ ಸೀಮ್ಯಾಗ ಎಲ್ಲಾರಿಗೂ ಬರತೈತಿ. ಹಾಯಸದ ಇರೂದು ಕಲಿ,” ಎಂದರು. ಆ ಟೊಂಗೆ ಎದೆಯೆತ್ತರದ ಗಿಡವಾಯಿತು. ನನ್ನನ್ನೂ ಅವರು ಅದೇ ವಿಭಾಗದ ಅಧ್ಯಾಪಕನಾಗುವವರೆಗೆ ಓದಿಸಿದರು.

ಈಗ ನಮ್ಮ ಘನಕಾರ್ಯ ಕೇಳಿ. ಸಮಾರಂಭಕ್ಕೆ ಗಿಡ ಹಸಿರಾಗಿ ಕಾಣಲೆಂದು ಅಭಿನಂದನ ಸಮಿತಿಯ ಅಧ್ಯಕ್ಷ ವಿಶ್ವಾಸ ಅವರು ಅದರ ಬುಡಕ್ಕೆ ಎಂಟು ದಿನ ಪೈಪು ಬಿಡಿಸಿದರು. ಸರ್ ರಜೆಯಲ್ಲಿದ್ದರು. ನಾನು ಅವರನ್ನು ಹೊಗಳುವ ಈ ಅಭಿನಂದನ ಗ್ರಂಥದ ಕರಡು ತಿದ್ದುತ್ತ ನಿಪ್ಪಾಣಿಯ ಪ್ರೆಸ್ಸಿನಲ್ಲಿ ಕುಳಿತಿದ್ದೆ. ಬಂದು ಕೇಳಿದರೆ ಅಧ್ಯಕ್ಷರು, “ಪಾವಣೇರ ಬರತಾರ, ಒಣಾ ಗಿಡಾ ತೋರಸೂದೇನ್ರಿ?” ಎಂದರು. ಮನೆಗೆ ಬಂದ ಅತಿಥಿಗಳಿಗೆ ಮೊದಲು ನೀರು-ಬೆಲ್ಲ ಕೊಡುವ ಮಂದಿ ನಾವು. ಆ ಮರ್ಯಾದೆಯನ್ನು ಗಿಡಕ್ಕೂ ಮಾಡಿದೆವು. ಕಾಂಡ ಒತ್ತಿದರೆ ಬೆರಳು ಒಳಗಿಳಿಯುತ್ತಿತ್ತು. ಮೂರು ದಶಕ ಒಬ್ಬ ಮನುಷ್ಯ ಹೇಳಿದ ಒಂದೇ ಮಾತು ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತಲ್ಲ, ನಾಚಿಕೆಗೇಡು!

ಸರ್ ಈ ಸಲವೂ ಬೈಯಲಿಲ್ಲ. ಬೈದಿದ್ದರೆ ನನಗಿಷ್ಟು ಉರಿಯುತ್ತಿರಲಿಲ್ಲ. ಕೊಳೆಯದ ಟೊಂಗೆಯೊಂದನ್ನು ಹುಡುಕಿ, ಕತ್ತರಿಸಿ, ಹಾಳೆಯಲ್ಲಿ ಸುತ್ತಿದರು. ನನ್ನ ಕೈಗೆ ಕೊಡುವ ಮುನ್ನ ಕೇಳಿದ್ದು ಇಷ್ಟೇ: “ನಿಮ್ಮ ಮನ್ಯಾಗ ನಳ ಎಷ್ಟ ದೂರ ಐತಿ?”

ಪೂಜ್ಯರು ನೂರ್ಕಾಲ ಬಾಳಲಿ, ಆ ಟೊಂಗೆ ಚಿಗುರುವುದನ್ನು ಅವರೇ ಬಂದು ನೋಡಲಿ, ಇನ್ನೂ ನೂರು ಕಡ್ಡಿ ಊರಲಿ. ಸಮಾರಂಭದ ದಿನ ಶಾಲು ಹೊದಿಸಿರಿ, ಹಾರ ಹಾಕಿರಿ. ನಮ್ಮ ಹಿತ್ತಿಲಿಗೆ ಮಾತ್ರ ಯಾರೂ ತಂಬಿಗೆ ಹಿಡಿದು ಬರಬೇಡಿ. ಬಂದರೆ, ನಾನು ಮಾಸ್ತರನೆಂಬುದನ್ನು ಮರೆತೇನು.