ಸೀಮೆಸುಣ್ಣದ ಗೀಟು

ಪೀಣ್ಯದ ಮರಗೆಲಸದ ಶೆಡ್ಡಿನಲ್ಲಿದ್ದ ಆ ಆಚಾರಿ ಯಾವ ಹಳೇ ಹಲಗೆಯನ್ನೂ ನೇರವಾಗಿ ಗರಗಸದ ಮೆಷೀನಿಗೆ ಕೊಡುತ್ತಿರಲಿಲ್ಲ. ಕೆಟ್ಟ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ಅದರ ಮೇಲೆ ನಿಧಾನವಾಗಿ ಎಳೆಯುತ್ತಾ, ತಲೆ ವಾರೆ ಮಾಡಿ ಆಲಿಸುತ್ತಿದ್ದರು. ನಾನು ಅವಸರ ಮಾಡಿದರೆ, "ತಡೀರಿ ಸಾರ್, ಇನ್ನೂ ಮಾತಾಡ್ಸಿಲ್ಲ" ಅನ್ನುತ್ತಿದ್ದರು. ಒಳಗೆ ಮುರಿದ ಮೊಳೆ ಇಲ್ಲವೆಂದು ಖಾತ್ರಿಯಾದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು ಹಾಕುತ್ತಿದ್ದರು.

ತೊಂಬತ್ತರ ದಶಕದ ಕೊನೆ. ವೈಟ್‌ಫೀಲ್ಡಿನಲ್ಲಿ ಏಳುತ್ತಿದ್ದ ಪರಿಸರಸ್ನೇಹಿ ಆಫೀಸಿಗೆ ಪೀಠೋಪಕರಣ ಮಾಡಿಸುವ ಕೆಲಸ ನನ್ನದು. ಹೊಸ ಮರ ಕಡಿಸಬಾರದೆಂದು ಕೆಡವಿದ ಮನೆಗಳ ತೇಗದ ಹಲಗೆ ತರಿಸಿದ್ದೆ.

"ಮರ ಉಳ್ಸೋಕೋಗಿ ನಮ್ ಬ್ಲೇಡ್ ಕಳೀತೀರ" ಎಂದು ಆಚಾರಿ ನಗುತ್ತಿದ್ದರು.

ಒಂದು ಮಧ್ಯಾಹ್ನ ಅವರು ಊಟಕ್ಕೆ ಹೋಗಿದ್ದಾಗ, ಮೇಜಿಗೆ ಚೆಂದ ಕಂಡ ಹಲಗೆಗಳನ್ನು ಆರಿಸಿ ಗುರುತು ಮಾಡಿದೆ. ಅಲ್ಲೇ ಬಿದ್ದಿದ್ದ ಸೀಮೆಸುಣ್ಣದಲ್ಲಿ, ಒಂದೊಂದು ಗೀಟು.

ವಾಪಸ್ ಬಂದವರು ಗೀಟು ನೋಡಿ, ಕೆಲವು ಹಲಗೆಗಳನ್ನು ಹಿಂದಿನ ಶೆಡ್ಡಿನ ಮೆಷೀನಿಗೆ ಕಳಿಸಿ, ಒಂದನ್ನು ತಾವೇ ಇಲ್ಲಿನ ಮೆಷೀನಿಗೆ ಕೊಟ್ಟರು. ಬ್ಲೇಡು ಮೊಳೆಗೆ ತಗುಲಿ ಕಿರುಚಿತು. ಅದರ ಹಲ್ಲೊಂದು ಹಾರಿ ನನ್ನ ಕಿವಿಯ ಪಕ್ಕದ ತಗಡಿಗೆ ಬಡಿಯಿತು, ಇನ್ನೊಂದು ಅವರ ಬಲಗಣ್ಣಿಗೆ. ಮರ ಕುಯ್ಯುವ ಸದ್ದು ಕೇಳಿದರೆ ಇವತ್ತಿಗೂ ನನ್ನ ಕೈ ಕಿವಿಗೆ ಹೋಗುತ್ತದೆ.

ಆಸ್ಪತ್ರೆಗೆ ಹೊರಟ ಆಟೋದಲ್ಲಿ ಅವರು ಕಣ್ಣಿಗೆ ಟವೆಲ್ ಒತ್ತಿಕೊಂಡು ಕೂತಿದ್ದರು.

"ಆಚಾರ್ರೇ, ಆ ಗೀಟು ನಾನು ಹಾಕಿದ್ದು" ಎಂದೆ.

ಅವರು ಬೈಯಲಿಲ್ಲ. "ಎಷ್ಟು ಹಲಗೆಗೆ ಹಾಕಿದ್ರಿ?"

"ಏಳೋ ಎಂಟೋ... ನೆನಪಿಲ್ಲ."

ಅವರು ಡ್ರೈವರನ ಭುಜ ಹಿಡಿದು ಅಲುಗಿಸಿದರು. "ಗಾಡಿ ತಿರುಗ್ಸಣ್ಣ. ಇನ್ನೊಂದು ಮೆಷೀನಲ್ಲಿ ನನ್ ತಮ್ಮ ಕುಯ್ತಾವ್ನೆ."