ಐದು ಆಂಪಿಯರಿನ ತಂತಿ

ನಾನು ಮೇಲೂರಿಗೆ ಸೊಸೆಯಾಗಿ ಬಂದದ್ದು ಅರವತ್ತರ ದಶಕದ ಮೊದಲ ವರ್ಷಗಳಲ್ಲಿ. ಆ ಮನೆಗೆ ಕರೆಂಟು ಬಂದು ಹೆಚ್ಚು ಕಾಲವಾಗಿರಲಿಲ್ಲ. ನಡುಮನೆಗೊಂದು, ಅಡುಗೆಮನೆಗೊಂದು, ರೇಷ್ಮೆ ಹುಳು ಸಾಕುವ ಹಿತ್ತಲಿನ ಹುಳುಮನೆಗೆ ಎರಡು ಬಲ್ಬು, ಅಷ್ಟೇ. ನಾನು ಚಿಕ್ಕಬಳ್ಳಾಪುರದಲ್ಲಿ ಹೈಸ್ಕೂಲು ಮುಗಿಸಿದವಳು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಗುಣಿಸಿದರೆ ವ್ಯಾಟು ಎಂದು ವಿಜ್ಞಾನದ ಮೇಷ್ಟರು ಹುಡುಗಿಯರನ್ನೂ ಬಿಡದೆ ಬೋರ್ಡಿನ ಮುಂದೆ ನಿಲ್ಲಿಸಿ ಲೆಕ್ಕ ಮಾಡಿಸುತ್ತಿದ್ದರು. ಹೆಣ್ಣು ನೋಡಲು ಬಂದ ದಿನ ನನ್ನ ಓದನ್ನು ಎಲ್ಲರೂ ಹೊಗಳಿದರು. ಆಮೇಲೆ ಅದು ಯಾರಿಗೂ ಬೇಕಾಗಲಿಲ್ಲ.

ಚಳಿಗಾಲದಲ್ಲಿ ರೇಷ್ಮೆ ಹುಳುವಿಗೆ ಕಾವು ಬೇಕು. ಅದುವರೆಗೆ ಇದ್ದಿಲಿನ ಒಲೆ ಇಡುತ್ತಿದ್ದರು. ಆ ವರ್ಷ ಬಾವನವರು, ಎಂದರೆ ನನ್ನ ಗಂಡನ ಅಣ್ಣ, ಆ ಮನೆಯ ಯಜಮಾನರು, ಬೆಂಗಳೂರಿಗೆ ಹೋಗಿ ಎರಡು ಹೀಟರು ತಂದರು. ಊರವರೆಲ್ಲ ಬಂದು ನೋಡಿಕೊಂಡು ಹೋದ ಮೇಲೆ ನಾನೂ ಒಂದನ್ನು ತಿರುಗಿಸಿ ನೋಡಿದೆ. ಹಿಂಬದಿಯ ತಗಡಿನಲ್ಲಿ ೨೩೦ ವೋಲ್ಟ್, ೫ ಆಂಪಿಯರ್ ಎಂದಿತ್ತು. ಮನಸ್ಸು ತಾನಾಗಿಯೇ ಲೆಕ್ಕಕ್ಕೆ ಇಳಿಯಿತು. ಭಾಗಿಸಿದರೆ ನಲವತ್ತಾರು ಓಮ್. ಗುಣಿಸಿದರೆ ಸಾವಿರದ ನೂರೈವತ್ತು ವ್ಯಾಟ್. ನಮ್ಮ ಬಲ್ಬು ಅರವತ್ತು ವ್ಯಾಟಿನದು. ಒಂದು ಹೀಟರೆಂದರೆ ಹತ್ತೊಂಬತ್ತು ಬಲ್ಬಿಗೆ ಸಮ. ಎರಡನ್ನೂ ಹಾಕಿದರೆ ಹತ್ತು ಆಂಪಿಯರು, ಬಲ್ಬಿಗೆಂದು ಎಳೆದ ಸಣ್ಣ ತಂತಿಯಲ್ಲಿ ಹರಿಯಬೇಕು. ಆ ತಂತಿಗೆ ತಡೆಯುವುದು ಹೆಚ್ಚೆಂದರೆ ಐದು. ಕರೆಂಟು ಎರಡರಷ್ಟಾದರೆ ತಂತಿ ಕಾಯುವುದು ನಾಲ್ಕರಷ್ಟು.

ಬಾವನವರ ಎದುರು ನಿಂತು ಸೊಸೆ ಮಾತಾಡುವ ಹಾಗಿರಲಿಲ್ಲ. ಬಾಗಿಲ ಹಿಂದೆ ನಿಂತು ಗಂಡನಿಗೆ ಹೇಳಿದೆ, ಅವರಿಗೂ ಕೇಳಿಸುವಂತೆ.

"ರೀ, ಈ ತಂತಿ ಎರಡು ಹೀಟರು ತಡೆಯಲ್ಲ. ದಪ್ಪ ತಂತಿ ಬೇರೆ ಎಳೆಸ್ಬೇಕು ಅಂತ ಹೇಳಿ."

"ಏನಂತೋ ನಿನ್ನ ಹೆಂಡ್ತಿ?" ಎಂದರು ಬಾವ. "ಹೀಟರು ಕಾಯೋದಕ್ಕೇ ಇರೋದು, ತಂತಿ ಯಾಕೆ ಕಾಯ್ತದೆ? ಲೆಕ್ಕ ಒಲೆ ಮುಂದೆ ಮಾಡಿಕೊಳ್ಳಕ್ಕೆ ಹೇಳು."

ಕೂತಿದ್ದವರೆಲ್ಲ ನಕ್ಕರು. ನನ್ನ ಗಂಡನೂ ನಕ್ಕ. ಶಿಡ್ಲಘಟ್ಟದಲ್ಲಿ ಗುಮಾಸ್ತನಾಗಿದ್ದವನು, ನನ್ನಷ್ಟೇ ಓದಿದವನು. ನನ್ನ ಲೆಕ್ಕ ಸರಿಯೆಂದು ಅವನಿಗೆ ಗೊತ್ತಿತ್ತು. ಆಮೇಲೆ ಕೇಳಿದ್ದಕ್ಕೆ "ಅಣ್ಣನ ಎದುರಿಗೆ ಹೆಂಗೆ ಹೇಳೋದು ಕಣೇ?" ಎಂದ. ಬಾವನವರ ಮಾತಿಗಿಂತ ಆ ನಗು ನನ್ನನ್ನು ಹೆಚ್ಚು ಸುಟ್ಟಿತು.

ಎರಡು ಹೀಟರನ್ನೂ ಹಾಕಿದ ಕೂಡಲೇ ಫ್ಯೂಸು ಹೋಯಿತು. ಅದಾದರೂ ಬುದ್ಧಿ ಹೇಳಿತಲ್ಲ ಎಂದುಕೊಂಡೆ. ಬಾವನವರು ಫ್ಯೂಸಿಗೆ ದಪ್ಪನೆಯ ತಾಮ್ರದ ತಂತಿ ಸುತ್ತಿ, "ಇನ್ನು ಅದರಪ್ಪನೂ ಹೋಗಲ್ಲ" ಎಂದರು. ಈ ಸಲ ಬಾಗಿಲು ದಾಟಿ ಈಚೆ ಬಂದೇ ಹೇಳಿದೆ: "ಫ್ಯೂಸು ಹೋಗ್ಲಿ ಅಂತ್ಲೇ ಇರೋದು ಬಾವನೋರೆ. ಅದು ಹೋಗ್ದಿದ್ರೆ ಮನೆ ಹತ್ಕೊಳ್ತದೆ."

ಅತ್ತೆ ನನ್ನ ತೋಳು ಹಿಡಿದು ಒಳಗೆ ಎಳೆದುಕೊಂಡರು. "ತುಂಬಿದ ಮನೇಲಿ ಎಂಥಾ ಮಾತಮ್ಮ ಅದು!"

ಹುಳುಮನೆ ಹೊತ್ತಿಕೊಂಡದ್ದು ಒಂದು ಬೆಳಿಗ್ಗೆ, ಗಂಡಸರು ಹಿಪ್ಪುನೇರಳೆ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿದ್ದಾಗ. ಮೂರನೇ ಜ್ವರ, ಎಂದರೆ ಮೂರನೇ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳುಗಳು ತಟ್ಟೆ ತುಂಬ ಸೊಪ್ಪು ಮೇಯುತ್ತಿದ್ದವು. ಸುಟ್ಟ ರಬ್ಬರಿನ ವಾಸನೆ ಬಂತು. ಓಡಿಹೋಗಿ ನೋಡಿದರೆ ತೊಲೆಯುದ್ದಕ್ಕೂ ತಂತಿ ಉರಿಯುತ್ತಿದೆ, ಬಿದಿರಿನ ತಟ್ಟೆಗಳಿಗೆ ಕಿಡಿ ಬೀಳುತ್ತಿದೆ. "ಅಯ್ಯೋ ದೇವುಡಾ, ಅಂಟುಕುಂದಿ!" ಎಂದು, ಬೆಂಕಿ ಹತ್ತಿಕೊಂಡಿತೆಂದು, ಅತ್ತೆ ತವರಿನ ತೆಲುಗಿನಲ್ಲಿ ಕೂಗಿಕೊಂಡರು. ಓರಗಿತ್ತಿ ಕೊಡದ ನೀರು ಎತ್ತಿ ತಂತಿಯ ಕಡೆಗೇ ಎರಚಲು ಹೊರಟಿದ್ದಳು.

"ಅಕ್ಕಾ, ನೀರು ಬೇಡ! ಸತ್ತೋಗ್ತೀಯ!" ಎಂದು ಕಿರುಚಿ ಜಗುಲಿಗೆ ಓಡಿ ಮೇನ್ ಸ್ವಿಚ್ಚು ಕೆಳಗೆಳೆದೆ. ಆಮೇಲೆ ಮೂವರೂ ನೀರು ಎರಚಿದೆವು. ಮನೆ ಉಳಿಯಿತು. ಹುಳು ಒಂದೂ ಉಳಿಯಲಿಲ್ಲ.

ತೋಟದಿಂದ ಓಡಿ ಬಂದ ಬಾವನವರು ಕಪ್ಪಾದ ತಟ್ಟೆಗಳನ್ನು ನೋಡಿದರು. ಅದರ ಮುಂದೆ ಒದ್ದೆ ಸೀರೆಯಲ್ಲಿ ನಿಂತಿದ್ದ ನನ್ನನ್ನೂ ನೋಡಿದರು. ಈಗಲಾದರೂ ಒಂದು ಮಾತು ಬಂದೀತೆಂದು ಕಾದೆ. ಬಂತು.

"ಮಚ್ಚೆ ನಾಲಿಗೆ! ಅವತ್ತು ಹತ್ಕೊಳ್ತದೆ ಅಂದ್ಲಲ್ಲ, ಅಂದಂಗೇ ಆಯ್ತು."

ಅತ್ತೆ ತಲೆಯಾಡಿಸಿದರು. ಸಾಯುವುದರಿಂದ ತಪ್ಪಿಸಿದ್ದೆನಲ್ಲ, ಆ ಓರಗಿತ್ತಿ ಖಾಲಿ ಕೊಡ ಎತ್ತಿಕೊಂಡು ಒಳಗೆ ಹೋದಳು. ನನ್ನ ಗಂಡ ಸುಟ್ಟ ತಟ್ಟೆಗಳನ್ನು ಎತ್ತಿ ಹೊರಗೆ ಹಾಕತೊಡಗಿದ.

ಶಿಡ್ಲಘಟ್ಟದಿಂದ ವೈರಿಂಗಿನವನು ಬಂದ. "ಲೈಟಿನ ತಂತಿ ಸ್ವಾಮಿ, ಎರಡು ಹೀಟರು ಹೆಂಗೆ ತಡೀತದೆ?" ಎಂದ. "ಹೌದಪ್ಪ, ನಮಗೇನು ಗೊತ್ತು, ಹೇಳೋರು ಯಾರೂ ಇರ್ಲಿಲ್ಲ" ಎಂದರು ಬಾವ. ಆಗ ನಾನು ಅವರಿಬ್ಬರಿಗೂ ಕಾಫಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ಕಾಫಿಯನ್ನು ನೆಲದ ಮೇಲಿಟ್ಟು, ಜಗುಲಿಗೆ ಬಂದು, ಅಲ್ಲೇ ಕೂತಿದ್ದ ಗಂಡನನ್ನು ಹೆಸರು ಹಿಡಿದೇ ಕರೆದೆ. ಆ ಮನೆಯಲ್ಲಿ ಯಾವ ಹೆಂಡತಿಯೂ ಹಾಗೆ ಕರೆದಿರಲಿಲ್ಲ.

"ಹೇಳೋರು ಯಾರಿದ್ರು ಅಂತ ನಿಮ್ಮಣ್ಣನಿಗೆ ಹೇಳಿ. ಇವತ್ತು ಹೇಳ್ದಿದ್ರೆ ನಾನು ಬಸ್ಸು ಹತ್ತಿ ಚಿಕ್ಕಬಳ್ಳಾಪುರಕ್ಕೆ ಹೋಗ್ತೀನಿ."

ಅವನು ಅಂಗಳದ ಕಡೆ ನೋಡುತ್ತ, "ಇವಳು ಹೇಳಿದ್ಲಣ್ಣ. ಲೆಕ್ಕ ಸರಿಯಾಗೇ ಇತ್ತು. ನನಗೂ ಗೊತ್ತಿತ್ತು" ಎಂದ.

ಬಾವನವರು ಎದ್ದು ತೋಟಕ್ಕೆ ಹೊರಟುಹೋದರು. ದಪ್ಪ ತಂತಿ ಎಳೆಸಿದರು, ಸರಿಯಾದ ಫ್ಯೂಸು ಹಾಕಿಸಿದರು, ಆದರೆ ನನ್ನೊಡನೆ ಆ ಮಾತು ಸಾಯುವವರೆಗೂ ಎತ್ತಲಿಲ್ಲ. ಗಂಡನ ಮೇಲಿನ ಕೋಪ ಅರ್ಧ ಇಳಿಯಿತು. ಉಳಿದರ್ಧವನ್ನು ಇಳಿಸಿಕೊಳ್ಳಲು ನಾನು ಪ್ರಯತ್ನಿಸಿಲ್ಲ. ಇವತ್ತಿಗೂ ನೆಂಟರ ಮನೆಯಲ್ಲಿ ಹೊಸ ಮೋಟಾರು ಕೂರಿಸುವಾಗ ನನ್ನನ್ನು ಒಳಗೆ ಕೂರಿಸಿ ಬಾಯಿಗೆ ಸಿಹಿ ಕೊಡುತ್ತಾರೆ, ಏನಾದರೂ ಅಂದುಬಿಟ್ಟೇನೆಂದು.